ಡಾಕ್ಟರಿಗೆ ಅವ್ವನ ರೊಟ್ಟಿ

ಗೆಳೆಯರೇ, ಇವತ್ತು ನಿಪ್ಪಾಣಿಯಲ್ಲಿ ನಮ್ಮವ್ವ ಡಾಕ್ಟರಿಂದ ಬೈಸಿಕೊಂಡಳು.

ಭುಜ ಹಿಡಿದುಕೊಂಡು ಅವಳ ಕೈ ಮೇಲೇಳುತ್ತಿರಲಿಲ್ಲ. ಹೋದ ವಾರ ಸ್ಟೀರಾಯ್ಡ್ ಸೂಜಿ ಮಾಡಿದ ಡಾಕ್ಟರು, “ಒಂದೆರಡು ದಿನ ನೋವು ಹೆಚ್ಚಾಗಬಹುದು, ಅಂಜಬ್ಯಾಡ್ರಿ” ಅಂದಿದ್ದರು. ಹೆಚ್ಚಾಯಿತು. ಅವ್ವ ಅವರ ವಂಶವನ್ನೆಲ್ಲ ಜಾಲಾಡಿದಳು.

ಇವತ್ತು ಬೆಳಿಗ್ಗೆ ನೋಡಿದರೆ ತನ್ನ ತುರುಬು ತಾನೇ ಕಟ್ಟಿಕೊಳ್ಳುತ್ತಿದ್ದಾಳೆ! ಇಷ್ಟು ದಿನ ಅದು ಮಗನಾದ ನನ್ನ ಕೆಲಸವಾಗಿತ್ತು. ಆ ಖುಷಿಗೆ ಡಾಕ್ಟರಿಗೆಂದು ಜೋಳದ ರೊಟ್ಟಿ ಕಟ್ಟಿಕೊಂಡು ಹೋದಳು.

“ಈ ರೊಟ್ಟಿ ಯಾರು ಬಡದದ್ರಿ?” ಅಂದರು ಡಾಕ್ಟರು.

“ನಾನರೀ, ಇದ ಕೈಲೆ!”

“ಕೈಗೆ ಆರಾಮ ಕೊಡ್ರಿ ಅಂದಿದ್ನಲ್ಲಾ ಯವ್ವಾ! ಇನ್ನೊಂದು ವಾರ ರೊಟ್ಟಿ ಬಡಿಯೂದು ಬಂದ್!”

ಬೈದರು, ರೊಟ್ಟಿಯ ಗಂಟನ್ನು ಮಾತ್ರ ಬಿಡಲಿಲ್ಲ.

ಅವರ ಕೈಗುಣಕ್ಕೆ ಶರಣು. ಇನ್ನೊಂದು ವಾರ ರೊಟ್ಟಿ ಬಡಿಯುವವನು ನಾನು. ಅವರಿಗೂ ಕಳಿಸುತ್ತೇನೆ, ಆಮೇಲೆ ಅವರ ದವಡೆಗೆ ಯಾರು ಸೂಜಿ ಮಾಡುತ್ತಾರೋ!