ಗೋಡೆಗೆ ಒರಗಿದ್ದ ಫೆನ್ಸ್

ಲಾಕ್‌ಡೌನ್ ಮುಗಿದ ಮರುವರ್ಷ. ಮರಗೆಲಸದ ಯಂತ್ರಗಳನ್ನು ಮಾರುವ ಪೀಣ್ಯದ ಒಂದು ಕಂಪನಿಯಲ್ಲಿ ನಾನು ಹಿರಿಯ ಸರ್ವಿಸ್ ಎಂಜಿನಿಯರ್ ಆಗಿದ್ದೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ನನ್ನ ಪಾಲಿನ ತಾಲ್ಲೂಕುಗಳು. ಯಂತ್ರ ಕೂರಿಸುವುದು, ಬಳಸುವುದನ್ನು ಕಲಿಸಿಕೊಡುವುದು, ಕೆಟ್ಟರೆ ಹೋಗಿ ನೋಡುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಯಂತ್ರಗಳು ನನ್ನನ್ನು ಸತಾಯಿಸಿದ್ದು ಕಡಿಮೆ. ಹೇಳಿದ್ದಕ್ಕೆಲ್ಲ "ಆಯ್ತು ಸಾರ್" ಎಂದು ತಲೆಯಾಡಿಸಿ, ನಾನು ಗೇಟು ದಾಟುತ್ತಿದ್ದಂತೆ ಅದನ್ನೇ ಬಿಚ್ಚಿಡುವವರು ಸತಾಯಿಸಿದ್ದೇ ಹೆಚ್ಚು. ಅವರಲ್ಲಿ ನಾನು ಮರೆಯಲಾರದವರು ದೊಡ್ಡಬಳ್ಳಾಪುರದ ವಿಶ್ವನಾಥ್.

ವಿಶ್ವನಾಥ್ ನೇಕಾರರ ಮನೆಯವರು. ಊರಾಚೆಗಿದ್ದ ಅವರ ಶೆಡ್ಡಿನಲ್ಲಿ ತಂದೆಯ ಕಾಲದಿಂದ ಪವರ್‌ಲೂಮ್‌ಗಳು ಓಡುತ್ತಿದ್ದವು. ಸೀರೆ ವ್ಯಾಪಾರ ಬಿದ್ದುಹೋದ ಮೇಲೆ ಮಗ್ಗಗಳನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಅದೇ ಶೆಡ್ಡಿನಲ್ಲಿ ದೇವರ ಮಂಟಪ ಮಾಡುವ ಕೆಲಸ ಶುರುಮಾಡಿದ್ದರು. ದೇವರಮನೆಗೆಂದು ಬೇರೆ ಕೋಣೆಯಿಲ್ಲದ ಅಪಾರ್ಟ್‌ಮೆಂಟಿನವರು ಗೋಡೆಗೆ ತಗುಲಿಸಿಕೊಳ್ಳುವ ಸಣ್ಣ ಮಂಟಪಗಳು. ಮೇಸ್ತ್ರಿ ಮುನಿರಾಜು ಅಲ್ಲೇ ಹತ್ತಿರದ ಮಧುರೆ ಕಡೆಯವನು, ಕೈಕೆಲಸ ಬಲ್ಲವನು. ವಿಶ್ವನಾಥರ ಹೆಂಡತಿ ಸುಧಾ ಆರ್ಡರು, ಫೋನು, ಸಾಗಣೆ ನೋಡಿಕೊಳ್ಳುತ್ತಿದ್ದರು. ಕೆಲಸ ಹೆಚ್ಚಿತೆಂದು ನಮ್ಮಲ್ಲಿ ಒಂದು ಟೇಬಲ್ ಸಾ ಕೊಂಡರು.

ಟೇಬಲ್ ಸಾ ಎಂದರೆ ನಡುವೆ ವೃತ್ತಾಕಾರದ ಗರಗಸ ಮೇಲೆದ್ದಿರುವ ಕಬ್ಬಿಣದ ಮೇಜು. ಗರಗಸ ನಿಮಿಷಕ್ಕೆ ಸುಮಾರು ನಾಲ್ಕು ಸಾವಿರ ಸುತ್ತು ತಿರುಗುತ್ತದೆ. ಹಲಗೆಯನ್ನು ನಾವು ಮುಂದಕ್ಕೆ ತಳ್ಳುತ್ತೇವೆ, ಹಲ್ಲುಗಳು ನಮ್ಮ ಕಡೆಗೇ ತಿರುಗುತ್ತಿರುತ್ತವೆ. ಗರಗಸದ ಬಲಗಡೆ, ಅದಕ್ಕೆ ಸಮಾನಾಂತರವಾಗಿ ನಿಲ್ಲುವ ಉದ್ದನೆಯ ನೇರ ಪಟ್ಟಿಯೇ ಫೆನ್ಸ್. ಹಲಗೆಯ ಅಂಚು ಅದಕ್ಕೆ ಒತ್ತಿಕೊಂಡೇ ಸಾಗಬೇಕು. ಫೆನ್ಸಿನ ಹಿಂತುದಿ ಒಂದು ಕೂದಲೆಳೆಯಷ್ಟು ಗರಗಸದತ್ತ ವಾಲಿದರೂ ಹಲಗೆ ನಡುವೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಹಲಗೆಯನ್ನು ಗರಗಸ ಎತ್ತಿ, ತಳ್ಳುತ್ತಿರುವವನ ಮೇಲೆಯೇ ಎಸೆಯುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ರೆಪ್ಪೆ ಬಡಿಯುವಷ್ಟರಲ್ಲಿ ಆಗಿಹೋಗುತ್ತದೆ. ಸೀಳಿದ ಮರ ಮತ್ತೆ ಮುಚ್ಚಿಕೊಂಡು ಗರಗಸವನ್ನು ಕಚ್ಚದಿರಲೆಂದು ಅದರ ಬೆನ್ನಿಗೆ ಒಂದು ತೆಳುವಾದ ಉಕ್ಕಿನ ತಗಡನ್ನೂ ಕೊಟ್ಟಿರುತ್ತಾರೆ. ಅದು ರೈವಿಂಗ್ ನೈಫ್.

ಯಂತ್ರ ಕೂರಿಸಲು ಹೋದ ದಿನವೇ ನನಗೆ ತಕರಾರಿತ್ತು. ವಾಸ್ತು ನೋಡುವವರು ಹೇಳಿದ್ದಾರೆಂದು ವಿಶ್ವನಾಥ್ ಮೂಲೆಯಲ್ಲಿ ಜಾಗ ಗುರುತು ಮಾಡಿ, ಪೂಜೆಯನ್ನೂ ಮುಗಿಸಿಬಿಟ್ಟಿದ್ದರು. ಕೆಲಸಗಾರ ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕಂತೆ. ಹಾಗೆ ನಿಂತರೆ ಗರಗಸದಿಂದ ಐದಾರು ಅಡಿಗೇ ಗೋಡೆ.

"ಎದುರುಗಡೆ ಜಾಗ ಸಾಲದು. ಉದ್ದನೆ ಹಲಗೆ ಕೊಯ್ಯೋವಾಗ ಏನ್ಮಾಡ್ತೀರಿ?" ಎಂದು ಕೇಳಿದೆ.

"ಉದ್ದಂದು ಎಲ್ಲಿ ಬರುತ್ತೆ ಸಾರ್ ನಮ್ಗೆ? ಮಂಟಪದ ಪೀಸು, ಮೂರಡಿ ದಾಟಲ್ಲ" ಎಂದರು.

ಮೂರಡಿಗೆ ಆ ಜಾಗ ಸಾಕು. ಒಪ್ಪಿಕೊಂಡು ಕೆಲಸ ಹಿಡಿದೆ. ಮೊದಲು ಮೇಜನ್ನು ಮಟ್ಟ ಮಾಡಿದೆ. ಮೇಜಿನ ಮೇಲೆ ಉದ್ದಕ್ಕೆ ಕೊರೆದ ತೋಡಿಗೆ ಗರಗಸ ಸಮಾನಾಂತರವಾಗಿದೆಯೇ ಎಂದು ಹಿಂದೆ ಮುಂದೆ ಅಳೆದು ಸರಿಪಡಿಸಿದೆ. ಆಮೇಲೆ ಫೆನ್ಸ್ ಜಾರುವ ರೈಲನ್ನು ಬೋಲ್ಟ್ ಮಾಡಿ, ಅದರ ಮೇಲೆ ಫೆನ್ಸ್ ಕೂರಿಸಿ, ಹಿಂತುದಿಯನ್ನು ಒಂದು ಹಾಳೆಯ ದಪ್ಪದಷ್ಟು ಹೊರಗೆ ಬಿಟ್ಟು ಬಿಗಿಮಾಡಿದೆ. ಸ್ಕೇಲಿನ ಮುಳ್ಳನ್ನು ಸೊನ್ನೆಗೆ ತಂದೆ. ಮೂವರನ್ನೂ ನಿಲ್ಲಿಸಿಕೊಂಡು ಬಳಸುವ ಕ್ರಮ ತೋರಿಸಿದೆ. ಗರಗಸದ ನೇರಕ್ಕೆ ನಿಲ್ಲಬಾರದು, ಸ್ವಲ್ಪ ಎಡಕ್ಕೆ ಸರಿದಿರಬೇಕು. ಸಣ್ಣ ತುಂಡನ್ನು ಬೆರಳಿನಿಂದಲ್ಲ, ತಳ್ಳುಕೋಲಿನಿಂದ ತಳ್ಳಬೇಕು. ಓಡುತ್ತಿರುವ ಗರಗಸದಿಂದ ಹಲಗೆಯನ್ನು ಹಿಂದಕ್ಕೆಳೆಯಲೇಬಾರದು. ಎಲ್ಲರೂ ತಲೆಯಾಡಿಸಿದರು. ಸುಧಾ ಚಿತ್ರಾನ್ನ ಕೊಟ್ಟು ಕಳಿಸಿದರು.

ಕೆಲವು ತಿಂಗಳ ಮೇಲೆ ದೂರು ಬಂತು: ಮರ ಕಪ್ಪಗೆ ಸುಟ್ಟುಹೋಗುತ್ತಿದೆ, ಬ್ಲೇಡ್ ಸರಿಯಿಲ್ಲ. ಹೋಗಿ ನೋಡಿದರೆ ಫೆನ್ಸ್ ಗೋಡೆಗೆ ಒರಗಿಕೊಂಡು ನಿಂತಿದೆ. ಅದರ ಜಾಗದಲ್ಲಿ ಒಂದು ರೀಪರನ್ನು, ಅಂದರೆ ಮರದ ಪಟ್ಟಿಯನ್ನು, ಎರಡು ಕ್ಲಾಂಪ್ ಹಾಕಿ ಬಿಗಿದಿದ್ದಾರೆ. ರೈವಿಂಗ್ ನೈಫ್ ಕಾಣಲೇ ಇಲ್ಲ. ಹುಡುಕಿದರೆ ಕಿಟಕಿಯ ಮೇಲೆ ಸಿಕ್ಕಿತು. ಫೆವಿಕಾಲ್ ಡಬ್ಬದ ಮುಚ್ಚಳ ಎಬ್ಬಲು ಬಳಸುತ್ತಿದ್ದರು.

"ಯಾಕ್ ಬಿಚ್ಚಿದ್ದು ಮೇಸ್ತ್ರಿ?"

"ಅದ್ರ ಸ್ಕೇಲು ಸುಳ್ಳು ಹೇಳುತ್ತೆ ಸಾರ್. ಒಂದು ನೂಲು ವ್ಯತ್ಯಾಸ ಬರುತ್ತೆ" ಎಂದ ಮುನಿರಾಜು.

ಪರೀಕ್ಷಿಸಿದೆ. ದಪ್ಪ ಬ್ಲೇಡ್ ಹಾಕಿಕೊಂಡು ಸ್ಕೇಲಿನ ಮುಳ್ಳನ್ನು ಹಾಗೇ ಬಿಟ್ಟಿದ್ದರು. ಮುಳ್ಳನ್ನು ಸರಿಪಡಿಸಿ, ಎಲ್ಲವನ್ನೂ ಮತ್ತೆ ಜೋಡಿಸಿ, ಕೊಯ್ದು ತೋರಿಸಿದೆ. ಹಲಗೆಯ ಅಂಚು ಬೆಣ್ಣೆಯಂತೆ ಬಂತು. ಸರಿ ಎಂದರು.

ಎರಡನೆಯ ಸಲ ಹೋದಾಗ ಫೆನ್ಸ್ ಮತ್ತೆ ಗೋಡೆಗೆ! ಈ ಸಲದ ಕಾರಣ ಬೇರೆ. ಫೆನ್ಸಿನ ಲಾಕ್ ಬಿಗಿ, ಕೈ ನೋಯುತ್ತದೆ. ಲಾಕಿಗೆ ಎಣ್ಣೆ ಹಾಕಿ, ಸ್ಕ್ರೂ ಸಡಿಲಿಸಿ ಕೊಟ್ಟೆ. ಮಕ್ಕಳಿಗೆ ಹೇಳುವ ಹಾಗೆ ಮತ್ತೆ ಎಲ್ಲ ಹೇಳಿದೆ. ಮುನಿರಾಜು ತನ್ನ ಎರಡೂ ಅಂಗೈಯನ್ನು ನನ್ನ ಮುಖದ ಮುಂದೆ ಚಾಚಿದ. "ನೋಡಿ ಸಾರ್, ಹತ್ತಕ್ಕೆ ಹತ್ತೂ ಇದಾವೆ. ನಿಮ್ಮ ಫೆನ್ಸು ಇಲ್ದಿದ್ದಾಗ್ಲೂ ಇದ್ವು" ಎಂದ. ನನಗೆ ಮೈಯುರಿದುಹೋಯಿತು. ಬೈಕು ಹತ್ತಿದವನು ರಾಜಾನುಕುಂಟೆವರೆಗೂ ಹೆಲ್ಮೆಟ್ಟಿನೊಳಗೇ ಬಯ್ದುಕೊಳ್ಳುತ್ತ ಬಂದೆ.

ಆಫೀಸಿನಲ್ಲಿ ಮ್ಯಾನೇಜರ್‌ಗೆ ಹೇಳಿದರೆ ಅವರದು ಇನ್ನೊಂದು ಧಾಟಿ. "ಮೆಷಿನ್ ಓಡ್ತಿದೆಯಲ್ರೀ, ಕಂಪ್ಲೇಂಟ್ ಕ್ಲೋಸ್ ಮಾಡಿ. ನಾವು ಮಾರೋರು, ಕಾವಲು ಕಾಯೋರಲ್ಲ" ಎಂದರು. ಹೇಳಿದರೆ ಶೆಡ್ಡಿನಲ್ಲಿ ಕೇಳುವುದಿಲ್ಲ, ಆಫೀಸಿನಲ್ಲೂ ಕೇಳುವುದಿಲ್ಲ. ನಾನು ಯಾರಿಗಾಗಿ ಬಾಯಿ ನೋಯಿಸಿಕೊಳ್ಳುತ್ತಿದ್ದೇನೆಂದು ನನಗೇ ತಿಳಿಯದಾಯಿತು.

ಮೂರನೆಯ ಸಲ ಅವರು ಕರೆದಿರಲಿಲ್ಲ. ತೂಬಗೆರೆ ಕಡೆ ಬೇರೆ ಕೆಲಸ ಮುಗಿಸಿ ಬರುವಾಗ ಮನಸ್ಸು ತಡೆಯದೆ ಬೈಕು ತಿರುಗಿಸಿದೆ. ಶೆಡ್ಡಿನ ತುಂಬ ಏಳಡಿ ಉದ್ದದ ಹಲಗೆಗಳು. ದೇವನಹಳ್ಳಿ ಕಡೆಯ ಒಂದು ಬಡಾವಣೆಯಿಂದ ಬಾಗಿಲ ಚೌಕಟ್ಟುಗಳ ದೊಡ್ಡ ಆರ್ಡರ್ ಸಿಕ್ಕಿತ್ತು. ಫೆನ್ಸ್ ಗೋಡೆಗೆ ಒರಗಿತ್ತು, ಮೇಲೆ ಯಾರದೋ ಟವೆಲ್. ಮುನಿರಾಜು ರೀಪರಿಗೆ ಒತ್ತಿ ಕೊಯ್ಯುತ್ತಿದ್ದ. ನಾನು ಹೋಗಿ ಸ್ಟಾಪ್ ಬಟನ್ ಒತ್ತಿದೆ.

ವಿಶ್ವನಾಥ್ ಸಿಟ್ಟಾದರು. "ಏನ್ ಸಾರ್ ಇದು? ನಾಳೆ ಬೆಳಿಗ್ಗೆ ಮಾಲು ಹೋಗ್ಬೇಕು. ನಿಮ್ಮ ಪಾಠ ಕೇಳ್ತಾ ಕೂತ್ರೆ ಆಗುತ್ತಾ?"

"ಆ ರೀಪರ್ ಸೊಟ್ಟಗಿದೆ. ಹಿಂದುಗಡೆ ಹಲಗೆ ಸಿಕ್ಕಿಕೊಂಡ್ರೆ ಎದೆಗೇ ಬರುತ್ತೆ."

"ಮಗ್ಗದ ಮಧ್ಯೆ ಹುಟ್ಟಿ ಬೆಳೆದೋನು ನಾನು. ಮೆಷಿನ್ ಅಂದ್ರೆ ಏನು ಅಂತ ನಂಗೊತ್ತು."

ಮಾತಿಗೆ ಮಾತು ಬೆಳೆಯಿತು. ಈ ಸ್ಥಿತಿಯಲ್ಲಿ ಯಂತ್ರ ಬಳಸಬಾರದೆಂದು ಕಂಪನಿಯಿಂದಲೇ ಹೇಳಿಸುತ್ತೇನೆಂದು ಅಂಗಳಕ್ಕೆ ಬಂದು ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರು ಇನ್ನೂ "ನಿಮಗ್ಯಾಕ್ರೀ ಇಲ್ಲದ ಉಸಾಬರಿ" ಎನ್ನುತ್ತಿರುವಾಗಲೇ ಒಳಗೆ ಗರಗಸ ಶುರುವಾದ ಸದ್ದು ಕೇಳಿಸಿತು. "ಏಯ್, ನಾನೇ ಕೊಯ್ತೀನಿ ನೋಡು, ಏನಾಗುತ್ತೆ" ಎಂದು ವಿಶ್ವನಾಥ್ ಮುನಿರಾಜುವಿಗೆ ಹೇಳಿದ್ದೂ ಕೇಳಿಸಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಗರಗಸದ ಸದ್ದು ತಗ್ಗಿ ಗೊಗ್ಗರಾಯಿತು, ಹಿಂದೆಯೇ ಹಸಿ ಮಣ್ಣಿಗೆ ಗುದ್ದಿದಂಥ ಒಂದು ಸದ್ದು.

ವಿಶ್ವನಾಥ್ ಮರದ ಪುಡಿಯ ಮೇಲೆ ಕುಳಿತುಬಿಟ್ಟಿದ್ದರು. ಎಡ ಪಕ್ಕೆಲುಬಿನ ಕೆಳಗೆ ಎರಡೂ ಕೈ ಒತ್ತಿಹಿಡಿದಿದ್ದರು. ಮುನಿರಾಜು ಯಂತ್ರ ನಿಲ್ಲಿಸಿ ಬಿಳಿಚಿಕೊಂಡು ನಿಂತಿದ್ದ. ರಕ್ತದ ಒಂದು ಹನಿಯೂ ಇರಲಿಲ್ಲ.

"ಏನೂ ಆಗಿಲ್ಲ ಸಾರ್. ಉಸ್ರು ಹಿಡ್ಕೊಂಡಂಗಾಯ್ತು ಅಷ್ಟೆ. ಸ್ವಲ್ಪ ಟೀ ಕುಡಿದ್ರೆ ಹೋಗುತ್ತೆ" ಎಂದರು.

ಕಿಕ್‌ಬ್ಯಾಕಿನ ಪೆಟ್ಟು ಹೊರಗೆ ಕಾಣುವುದಕ್ಕಿಂತ ಒಳಗೆ ಕೆಟ್ಟದ್ದಿರುತ್ತದೆಂದು ನಾನು ಬಲ್ಲೆ. ಟೀ ಬೇಡ, ನೀರೂ ಬೇಡ ಎಂದೆ. ಅಲ್ಲಿಯೂ ವಾದ! ಆಸ್ಪತ್ರೆಗೆ ಯಾಕೆ, ನಾಳೆ ಮಾಲು ಹೋಗಬೇಕು, ಮನೆಯಲ್ಲಿ ಗಾಬರಿಯಾಗುತ್ತಾರೆ ಎಂದು ಶುರುಮಾಡಿದರು. ಆ ಹೊತ್ತಿಗೆ ಬಂದ ಸುಧಾ ಗಂಡನ ಮುಖ ನೋಡಿದವರೇ, "ಮಾತಾಡ್ಬೇಡಿ, ಏಳಿ" ಎಂದರು. ಮಾಲು ಸಾಗಿಸಲು ನಿಂತಿದ್ದ ಲಗೇಜ್ ಆಟೋದ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹಣೆಯೆಲ್ಲ ತಣ್ಣನೆ ಬೆವರು, ಮಾತು ತೊದಲುತ್ತಿತ್ತು. ಡಾಕ್ಟರ್ ಸ್ಕ್ಯಾನ್ ಮಾಡಿ, ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೆಂದು ತಕ್ಷಣ ಬೆಂಗಳೂರಿಗೆ ಕಳಿಸಿದರು. ಎಡ ಪಕ್ಕೆಲುಬಿನ ಕೆಳಗಿರುವ ಸ್ಪ್ಲೀನ್, ಅಂದರೆ ಗುಲ್ಮ, ಒಡೆದಿತ್ತು. ಆಪರೇಷನ್ ಮಾಡಿ ತೆಗೆದುಹಾಕಬೇಕಾಯಿತು. ತಡಮಾಡಿದ್ದರೆ ಉಳಿಯುತ್ತಿರಲಿಲ್ಲವೆಂದು ಅಲ್ಲಿಯ ಡಾಕ್ಟರ್ ಹೇಳಿದರು.

ಆಪರೇಷನ್ ಥಿಯೇಟರಿನ ಹೊರಗೆ ಕುಳಿತಿದ್ದಾಗ ನನಗೆ ದುಃಖಕ್ಕಿಂತ ಕೋಪವೇ ಹೆಚ್ಚಾಗಿತ್ತು. ಹೇಳಿದ್ದೆನಲ್ಲ, ಮತ್ತೆ ಮತ್ತೆ ಹೇಳಿದ್ದೆನಲ್ಲ ಎಂಬ ಕೋಪ. ಹೇಳಿದ್ದು ನಿಜವಾಯಿತೆಂದು ಸಂತೋಷಪಡುವ ವಿಷಯವೇ ಇದು? ಮರುದಿನ ಆಫೀಸಿನಿಂದ ಫೋನು. "ಬಳಕೆದಾರರ ತಪ್ಪು ಅಂತ ರಿಪೋರ್ಟ್ ಬರೆದು ಮುಗಿಸಿ" ಎಂದರು. ಸುಳ್ಳಲ್ಲ. ಆದರೆ ಆ ಯಂತ್ರ ಅಲ್ಲಿಯೇ ಇದೆ, ರೀಪರ್ ಅಲ್ಲಿಯೇ ಇದೆ. ತಪ್ಪು ಯಾರದೆಂದು ಬರೆದರೆ ಮುಂದಿನ ಹಲಗೆ ಸಿಕ್ಕಿಕೊಳ್ಳುವುದು ನಿಲ್ಲುತ್ತದೆಯೇ?

ಆರ್ಡರ್ ಅರ್ಧಕ್ಕೇ ನಿಂತಿತ್ತು. ವಿಶ್ವನಾಥ್ ವಾರ್ಡಿಗೆ ಬಂದ ಮೇಲೆ ಸುಧಾ ನನ್ನನ್ನು ಶೆಡ್ಡಿಗೆ ಕರೆಸಿದರು. ಬಯ್ಯುತ್ತಾರೆಂದುಕೊಂಡೇ ಹೋದೆ. ಅವರು ಗೋಡೆಗೆ ಒರಗಿದ್ದ ಫೆನ್ಸನ್ನು ತೋರಿಸಿ, "ಸಾರ್, ಇದನ್ನ ಹಾಕ್ಬೇಕು ಅಂತ ನೀವು ಹೇಳ್ತಾನೇ ಇದ್ರಿ. ನಂಗೆ ಅದು ಗೊತ್ತು. ಇವ್ರು ಯಾಕೆ ಬಿಚ್ತಾರೆ, ಅದನ್ನ ಹೇಳಿ" ಎಂದರು.

ಸ್ಕೇಲು, ಲಾಕು ಎಂದೆ. ಎರಡನ್ನೂ ಸರಿಮಾಡಿ ಆಗಿತ್ತಲ್ಲ ಎಂದರು. ಇಬ್ಬರೂ ಮುನಿರಾಜುವಿನ ಕಡೆ ನೋಡಿದೆವು. ಅವನು ತಲೆ ತಗ್ಗಿಸಿಕೊಂಡು ನಿಂತಿದ್ದ.

"ಹೇಳಪ್ಪಾ ಮುನಿರಾಜು. ಯಾರೂ ಏನೂ ಅನ್ನಲ್ಲ" ಎಂದರು ಸುಧಾ.

ಅವನು ಏಳಡಿಯ ಒಂದು ಹಲಗೆ ಎತ್ತಿಕೊಂಡು ಬಂದು, ನಿಂತಿದ್ದ ಯಂತ್ರದ ಮೇಲೆ ಇಟ್ಟು ಮುಂದಕ್ಕೆ ತಳ್ಳಿದ. ಹಿಂತುದಿ ಇನ್ನೂ ಗರಗಸ ದಾಟಿರಲಿಲ್ಲ, ಮುಂತುದಿ ಎದುರಿನ ಗೋಡೆಗೆ ಟಕ್ಕೆಂದು ತಾಗಿತು.

"ಇಲ್ಲಿಗೆ ನಿಂತೋಗುತ್ತೆ ಅಕ್ಕಾ. ಹಿಂದಕ್ಕೆ ಎಳ್ದು, ತಿರುಗ್ಸಿ, ಆ ತುದಿಯಿಂದ ಕೊಯ್ಬೇಕು. ಹಿಂದಕ್ಕೆ ಎಳೆಯೋವಾಗ ಆ ತಗಡಿಗೆ, ಫೆನ್ಸಿಗೆ ಸಿಗಾಕ್ಕೊಳುತ್ತೆ. ರೀಪರ್ ಆದ್ರೆ ಕ್ಲಾಂಪ್ ಸಡ್ಲ ಮಾಡಿ ತೆಗೀಬೋದು."

"ಇದನ್ನ ಮೊದಲೇ ಹೇಳೋದಲ್ವೇನಯ್ಯಾ? ನಾನು ಕೇಳಿದಾಗ ಸ್ಕೇಲು ಅಂದೆಯಲ್ಲ!" ಎಂದು ರೇಗಿದೆ.

"ಆಗ್ಲೂ ಅಲ್ಲೊಂದು ಇಲ್ಲೊಂದು ಚೌಕಟ್ಟು ಬರ್ತಿತ್ತು ಸಾರ್. ಆದ್ರೆ ಪೂಜೆ ಮಾಡಿ ಇಟ್ಟಿರೋ ಜಾಗ. ಜಾಗ ಸರಿಯಿಲ್ಲ ಅಂತ ಓನರ್ ಮುಂದೆ ಹೆಂಗೇಳ್ಲಿ? ಸ್ಕೇಲ್ ಮೇಲೆ ಹೇಳಿದ್ರೆ ಯಾರಿಗೂ ಬೇಜಾರಿಲ್ಲ."

ಮೂರಡಿಯ ಮಂಟಪದ ಕಾಲದಲ್ಲಿ ಸರಿಯಿದ್ದ ಜಾಗ ಏಳಡಿಯ ಚೌಕಟ್ಟಿನ ಕಾಲದಲ್ಲಿ ಸಾಲದಾಗಿತ್ತು. ಮಾಲೀಕರಿಗೆ ಅದು ತೋಚಲಿಲ್ಲ, ಮೇಸ್ತ್ರಿ ಬಾಯಿ ಬಿಡಲಿಲ್ಲ. ನನಗೋ ಗೋಡೆಗೆ ಒರಗಿದ ಫೆನ್ಸ್ ಕಂಡೊಡನೆ ಕಣ್ಣು ಕೆಂಪಾಗುತ್ತಿತ್ತೇ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಯಂತ್ರವನ್ನು ತಿರುಗಿಸಿ ಶೆಡ್ಡಿನ ನಡುವೆ ಇಟ್ಟರೆ ಎರಡೂ ಕಡೆ ಬೇಕಾದಷ್ಟು ಜಾಗ ಸಿಗುತ್ತದೆಂದು ಹೇಳಿದೆ.

ಸುಧಾ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದರು. ಅವರ ಕ್ಷೀಣ ಸ್ವರ ನನಗೂ ಕೇಳಿಸುತ್ತಿತ್ತು. "ದಿಕ್ಕು ಬದಲಾಯಿಸ್ಬೇಡ ಕಣೇ, ವಾಸ್ತು ನೋಡೋರನ್ನ ಒಂದ್ಮಾತು ಕೇಳು..."

"ಪೂರ್ವಕ್ಕೆ ಮುಖ ಮಾಡ್ಕೊಂಡೇ ತಾನೇ ನಿಂತಿದ್ರಿ? ಪೆಟ್ಟು ಬಿತ್ತಲ್ಲ. ಸುಮ್ನೆ ಮಲಗಿ" ಎಂದು ಫೋನ್ ಇಟ್ಟರು.

ಯಂತ್ರ ಸರಿಸಲು ಅವತ್ತು ಮಧ್ಯಾಹ್ನವೆಲ್ಲ ಹಿಡಿಯಿತು. ವಿಶ್ವನಾಥರ ಅಣ್ಣನ ಮಗ್ಗದ ಶೆಡ್ಡಿನಿಂದ ಜನ ಬಂದು ಹಾರೆ, ಪೈಪು ಹಾಕಿ ಉರುಳಿಸಿದರು. ಗರಗಸದ ಹಿಂದೆ ಸೀಳಿದ ಹಲಗೆಯನ್ನು ಹೊತ್ತು ನಿಲ್ಲಲು ಅದೇ ಎತ್ತರದ ಒಂದು ಬೆಂಚನ್ನು ಮುನಿರಾಜು ಮೊಳೆ ಹೊಡೆದು ಮಾಡಿದ. ಮತ್ತೆ ಮೊದಲಿನಿಂದ ಮಟ್ಟ, ರೈಲು, ಫೆನ್ಸ್, ರೈವಿಂಗ್ ನೈಫ್. ಈ ಸಲ ಅಳೆಯುವ ಕೆಲಸ ಅವನಿಗೇ ಬಿಟ್ಟೆ. ಹಿಂದೆ ಮುಂದೆ ಅಳೆದು, ಒಪ್ಪಿಗೆಯಾಗದೆ ಸ್ಕ್ರೂ ತಿರುಗಿಸಿ, ಇನ್ನೊಮ್ಮೆ ಅಳೆದ. ಆಮೇಲೆ ಏಳಡಿಯ ಹಲಗೆಯನ್ನು ಫೆನ್ಸಿಗೆ ಒತ್ತಿ ತಳ್ಳಿದ. ಎಲ್ಲೂ ನಿಲ್ಲದೆ ಅದು ಆಚೆ ಬೆಂಚಿನ ಮೇಲೆ ಎರಡು ಪಟ್ಟಿಯಾಗಿ ಮಲಗಿತು. ಮುನಿರಾಜು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಇನ್ನೊಂದು ಹಲಗೆ ತಂದ.

ಕೆಲವು ತಿಂಗಳ ನಂತರ ಮತ್ತೆ ಹೋದೆ. ಫೆನ್ಸ್ ತನ್ನ ಜಾಗದಲ್ಲೇ ಇತ್ತು, ರೈವಿಂಗ್ ನೈಫೂ ಇತ್ತು. ವಿಶ್ವನಾಥ್ ಇಳಿದುಹೋಗಿದ್ದರು, ಆದರೂ ಓಡಾಡಿಕೊಂಡಿದ್ದರು. ಎಲ್ಲ ಸರಿಹೋಯಿತೆಂದು ಸಮಾಧಾನಪಡುವ ಹೊತ್ತಿಗೆ, ಕೈ ತಾಗದಂತೆ ಗರಗಸದ ಮೇಲೆ ಮುಚ್ಚಿರಬೇಕಾದ ಪ್ಲಾಸ್ಟಿಕ್ ಗಾರ್ಡ್ ಇಲ್ಲದ್ದು ಕಂಡಿತು. ಅದು ಮೂಲೆಯಲ್ಲಿ ಬಿದ್ದಿತ್ತು, ಮೊಳೆ ತುಂಬಿಡಲು ಅನುಕೂಲವಾಗಿತ್ತು.

ಹಳೆಯ ಕೋಪ ಮತ್ತೆ ಬಂತು. ಅಷ್ಟು ದೊಡ್ಡ ಪೆಟ್ಟು ತಿಂದ ಮನೆಯಲ್ಲೂ ಹೀಗೆ! ನನ್ನ ವೃತ್ತಿಯಲ್ಲಿ ಈ ಕೋಪಕ್ಕೆ ಔಷಧ ನನಗೆ ಕೊನೆಗೂ ಸಿಗಲಿಲ್ಲ. ಸಿಕ್ಕ ತಿಳಿವಳಿಕೆ ಇಷ್ಟೆ: ಯಾರೂ ಒಂದು ರಕ್ಷಣೆಯ ಸಾಧನವನ್ನು ಸಾಯಬೇಕೆಂದು ಬಿಚ್ಚುವುದಿಲ್ಲ. ಅದು ಎಲ್ಲೋ ಕೆಲಸಕ್ಕೆ ಅಡ್ಡ ಬಂದಿರುತ್ತದೆ, ಆ ಅಡ್ಡಿಯನ್ನು ಹೇಳಿಕೊಳ್ಳಲು ಅವರಿಗೆ ಏನೋ ಸಂಕೋಚವಿರುತ್ತದೆ. ಅಡ್ಡಿ ಉಳಿದರೆ ನಾವು ಜೋಡಿಸಿದ್ದು ಉಳಿಯುವುದಿಲ್ಲ, ಎಷ್ಟು ಬಿಗಿಯಾಗಿ ಬೋಲ್ಟ್ ಮಾಡಿದರೂ.

ಗಾರ್ಡಿನೊಳಗಿನ ಮೊಳೆಗಳನ್ನು ನೆಲಕ್ಕೆ ಸುರಿದು, ಅದನ್ನು ಮೇಜಿನ ಮೇಲೆ ಇಟ್ಟೆ. ಸ್ಪ್ಯಾನರ್ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಒಂದು ಸ್ಟೂಲ್ ಎಳೆದುಕೊಂಡು ಕುಳಿತೆ.

"ಮೇಸ್ತ್ರಿ, ಇದು ಯಾವ ಕೆಲಸಕ್ಕೆ ಅಡ್ಡ ಬರುತ್ತೆ? ಮಾಡಿ ತೋರಿಸಿ, ನಾನು ನೋಡ್ತೀನಿ" ಎಂದೆ.