ಕ್ಷಮೆ ಕೇಳದೆ ನಿಂತದ್ದು

ಇಂಗ್ಲೆಂಡಿನ ಲೀಡ್ಸ್‌ನ ಕ್ರೌನ್ ಕೋರ್ಟಿನಲ್ಲಿ ನಾನು ಆಗಾಗ ದುಭಾಷಿಯ ಕೆಲಸ ಮಾಡುತ್ತೇನೆ. ಕನ್ನಡಕ್ಕೆ ಕರೆ ಬರುವುದು ವರ್ಷಕ್ಕೆ ಒಂದೋ ಎರಡೋ, ಉಳಿದದ್ದೆಲ್ಲ ಹಿಂದಿ. ಆರೋಪಿ 'ನಾನು' ಎಂದರೆ ನಾನೂ 'ನಾನು' ಎಂದೇ ಹೇಳಬೇಕು, ಅದು ನಿಯಮ. ಹಾಗಾಗಿ ಇಷ್ಟು ವರ್ಷಗಳಲ್ಲಿ ನಾನು ಕಾರು ಕದ್ದಿದ್ದೇನೆ, ಕುಡಿದು ಪೊಲೀಸರನ್ನು ಬೈದಿದ್ದೇನೆ, ಸ್ವಂತ ತಮ್ಮನ ಮೂಗು ಮುರಿದಿದ್ದೇನೆ. ಸಂಜೆ ಬಸ್ಸು ಹತ್ತಿ ಹೆಡಿಂಗ್ಲೀಯ ಮನೆಗೆ ಬಂದು ಅನ್ನಕ್ಕಿಡುವಾಗ ಮತ್ತೆ ಸಭ್ಯ ಗೃಹಿಣಿ. ಆದರೆ ಕೋರ್ಟಿನಲ್ಲಿ ಅಭಿಪ್ರಾಯ ಹೇಳುವಂತಿಲ್ಲ, ಸಲಹೆ ಕೊಡುವಂತಿಲ್ಲ. ನನ್ನಂಥ ಬಾಯಿಬಡುಕಿಗೆ ಇದೇನು ಸಣ್ಣ ಶಿಕ್ಷೆಯಲ್ಲ.

ಕಳೆದ ಚಳಿಗಾಲದಲ್ಲಿ ಗದಗದ ಕಡೆಯ ಅಡುಗೆಯವರೊಬ್ಬರ ಕೇಸಿಗೆ ಕರೆ ಬಂತು. ಹೋಟೆಲಿನ ಅಡುಗೆಮನೆಯಲ್ಲಿ ಜಗಳವಾದಾಗ ಜೊತೆಯ ಕೆಲಸಗಾರನ ಮೇಲೆ ಬೇಕೆಂದೇ ಕಾದ ಎಣ್ಣೆ ಎರಚಿದರು ಎಂಬುದು ಅವರ ಮೇಲಿನ ಆರೋಪ. ಅವನೇ ತಳ್ಳಿದ, ನಾನು ಮುಗ್ಗರಿಸಿ ಬಾಣಲೆಗೆ ತಾಗಿದೆ, ಎಣ್ಣೆ ಚೆಲ್ಲಿತು ಎಂಬುದು ಅವರ ಮಾತು. ಅಂದು ವಿಚಾರಣೆಯಿರಲಿಲ್ಲ, ಆರೋಪ ಓದಿ, ಒಪ್ಪುತ್ತೀರೋ ಇಲ್ಲವೋ ಎಂದು ಕೇಳುವ ದಿನ. ಒಪ್ಪಿದರೆ ಸಾಕ್ಷಿಯೂ ಬೇಡ, ಜ್ಯೂರಿಯೂ ಬೇಡ, ವರ್ಷಗಟ್ಟಲೆ ಜೈಲು. ಒಪ್ಪದಿದ್ದರೆ ಮಾತ್ರ ವಿಚಾರಣೆ.

ಚಿಕ್ಕ ಕೋಣೆಯೊಂದರಲ್ಲಿ ಅವರ ವಕೀಲೆ ಇದನ್ನೆಲ್ಲ ವಿವರಿಸಿದರು. ಅಡುಗೆಯವರು ಪ್ರತಿ ಮಾತಿಗೂ ತಲೆಯಾಡಿಸಿದರು. ಕೊನೆಗೆ, ಒಳಗೆ ಹೋದ ಮೇಲೆ ಏನು ಹೇಳುತ್ತೀರಿ ಎಂದು ವಕೀಲೆ ಕೇಳಿದಾಗ ನಿಶ್ಚಿಂತೆಯಿಂದ ಉತ್ತರ ಬಂತು.

"ಮೊದಲ ಕೈ ಮುಗದು ತಪ್ಪಾತ್ರಿ ಅಂತೀನಿ. ಆಮ್ಯಾಲ ನಡದದ್ದು ನಡದಂಗ ಹೇಳ್ತೀನಿ. ಹಿರ್ಯಾರ ಮುಂದ ಹಂಗ ಅಲ್ರೀ?"

ಆ ರೀತಿ ನನಗೇನು ಹೊಸದಲ್ಲ. ನಮ್ಮ ಮನೆಗಳಲ್ಲಿ ಜಗಳ ಹಿರಿಯರ ಮುಂದೆ ಹೋದರೆ, ತಪ್ಪು ಯಾರದೇ ಇರಲಿ, ಕಿರಿಯರು ಮೊದಲು ಕ್ಷಮೆ ಕೇಳಬೇಕು, ಪಂಚಾಯಿತಿ ಆಮೇಲೆ. ಅತ್ತೆಯ ಮನೆಯಲ್ಲಿ ನಾನು ಹಾಗೆ ಕೇಳಿದ ಕ್ಷಮೆಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಗೆ ಮಾಡಬೇಡಿ ಮಾರಾಯ್ರೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಅವರು ಅಂದದ್ದನ್ನು ಅಕ್ಷರ ಬಿಡದೆ ಇಂಗ್ಲಿಷಿಗೆ ತಂದೆ.

ವಕೀಲೆ ಪೆನ್ನು ಕೆಳಗಿಟ್ಟರು. ಇಲ್ಲಿ ಕ್ಷಮೆ ಕೇಳಿದರೆ ಆರೋಪ ಒಪ್ಪಿದಂತೆಯೇ, ಇವತ್ತು ನಿಮ್ಮ ಕಥೆ ಯಾರೂ ಕೇಳುವುದಿಲ್ಲ ಎಂದು ಮೊದಲಿನಿಂದ ಮತ್ತೆ ಬಿಡಿಸಿ ಹೇಳಿದರು. ಜಡ್ಜ್ ಸಾಹೇಬರಿಗೆ ನನ್ನದು ಸೊಕ್ಕು ಅನ್ನಿಸುವುದಿಲ್ಲವೇ ಎಂದು ಅಡುಗೆಯವರು ಎರಡು ಸಲ ಕೇಳಿದರು. ಇಲ್ಲ ಎಂದರೂ ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಗಾಜಿನ ಆವರಣದ ಕಟಕಟೆಯಲ್ಲಿ ಅವರ ಪಕ್ಕ ನಿಂತೆ. ಗುಮಾಸ್ತರು ಹೆಸರು ಕೇಳಿ, ಆರೋಪ ಓದಿದರು. ನಾನು ಕನ್ನಡದಲ್ಲಿ ಹೇಳಿ ಮುಗಿಸಿದೆ. ವಿಗ್ ತೊಟ್ಟ ವಯಸ್ಸಾದ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. ಅಷ್ಟೇ ಸಾಕಾಯಿತು. ಅಡುಗೆಯವರ ಕೈಗಳು ತಾವಾಗಿಯೇ ಕೂಡಿಕೊಂಡವು, ಬೆನ್ನು ಬಾಗತೊಡಗಿತು. ಅವರು ಆ ಮಾತು ಅಂದುಬಿಟ್ಟರೆ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನೇ. ದೇವರೇ ಎಂದುಕೊಂಡೆ.

ಅರ್ಧ ಬಾಗಿದವರು ಅಲ್ಲಿಗೇ ನಿಂತರು. ಕೈ ಇಳಿಸಿದರು. ನಿಧಾನವಾಗಿ ನೆಟ್ಟಗಾದರು.

"ನನ್ನ ತಪ್ಪಿಲ್ರಿ."

'ನಾಟ್ ಗಿಲ್ಟಿ' ಎಂದೆ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ಗುಮಾಸ್ತರು ಬರೆದುಕೊಂಡರು. ವಿಚಾರಣೆಯ ದಿನ ಗೊತ್ತು ಮಾಡಿ, ಜಾಮೀನು ಮುಂದುವರಿಸಿ, ನ್ಯಾಯಾಧೀಶರು ಹೋಗಬಹುದು ಎಂದರು. ಅವರ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

ಹೊರಗೆ ವಕೀಲೆ ಕೈ ಕುಲುಕಿದಾಗ ಅಡುಗೆಯವರ ಮುಖ ಅರಳಿತ್ತು. ನನ್ನತ್ತ ತಿರುಗಿದರು.

"ಐವತ್ತು ವರ್ಷಾತ್ರಿ ಅಕ್ಕಾರ. ನನ್ನ ತಪ್ಪಿಲ್ಲ ಅಂತ ಹಿರ್ಯಾರ ಮುಂದ ಇವತ್ತ ಮೊದಲ ಸಲ ಅಂದೆ."

ಅವರು ಏನಂದರು ಎಂದು ವಕೀಲೆ ಕೇಳಿದರು. ನಿಯಮದಂತೆ 'ನಾನು' ಎಂದೇ ಶುರು ಮಾಡಿ, ಸಂತೋಷದಿಂದ ಪೂರ್ತಿ ಹೇಳಿದೆ.