ದೊಡ್ಡಪ್ಪ ಬಾಯಿಬಿಟ್ಟು ಹೇಳಿದ ದಿನ

ನನ್ನ ದೊಡ್ಡಪ್ಪ ರೇವಣಸಿದ್ದಯ್ಯನವರನ್ನು ಕರೆದುಕೊಂಡು ಪೇಟೆಗೆ ಹೋಗುವುದಕ್ಕಿಂತ ಒಬ್ಬಳೇ ನೂರು ಕುರ್ಚಿ ಹೊರುವುದು ವಾಸಿ. ದಂಡಿನಶಿವರದವರು, ವಯಸ್ಸು ಎಪ್ಪತ್ತೊಂದು, ಅದರಲ್ಲಿ ನಲವತ್ತು ವರ್ಷ ದನದ ದಲ್ಲಾಳಿ ಕೆಲಸ. ಆ ನಲವತ್ತು ವರ್ಷದಲ್ಲಿ ಒಂದು ಸಲವೂ ಬೆಲೆಯನ್ನು ಬಾಯಲ್ಲಿ ಹೇಳಿದವರಲ್ಲ. ದನದ ಸಂತೆಯಲ್ಲಿ ದಲ್ಲಾಳಿ ಕೈಮೇಲೆ ಟವಲ್ ಹಾಕಿಕೊಂಡು, ಅದರೊಳಗೆ ಮಾರುವವನ ಬೆರಳು ಹಿಡಿದು ಅದುಮುತ್ತಾನೆ. ಎಷ್ಟು ಬೆರಳು ಹಿಡಿದ ಅನ್ನುವುದೇ ಬೆಲೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಸಂತೆಯಲ್ಲಿ ಅದು ಸರಿ, ಯಾರು ಬೇಡ ಅಂದರು? ದೊಡ್ಡಪ್ಪ ತಿಪಟೂರಿನಲ್ಲಿ ಟೊಮೆಟೊ ಕೊಳ್ಳುವಾಗಲೂ ಹೆಗಲಿನ ಟವಲ್ ಇಳಿಸುತ್ತಾರೆ. ಒಮ್ಮೆ ಮೊಬೈಲ್ ಅಂಗಡಿಯ ಕೆಲಸದ ಹುಡುಗನ ಕೈಯನ್ನು ಹಾಗೇ ಟವಲ್ ಒಳಗೆ ಎಳೆದುಕೊಂಡರು. ಅವನು ಗಾಬರಿಬಿದ್ದು ಓನರನ್ನು ಕೂಗಿದ. ನಾನು ಅವತ್ತಿನಿಂದ ಆ ಅಂಗಡಿ ಇರುವ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ.

ಇದನ್ನಾದರೂ ತಡೆದುಕೊಳ್ಳಬಹುದು. ಅವರಿಗೆ ಇನ್ನೊಂದು ಅಭ್ಯಾಸವಿದೆ. ಬೇಕಾದ ಮಾಲನ್ನು ಬೈಯುತ್ತಾರೆ. ಎತ್ತು ಚೆನ್ನಾಗಿದ್ದಷ್ಟೂ ಬೈಗುಳ ಜಾಸ್ತಿ. ಗೊರಸು ಸೀಳಿದೆ, ಸುಳಿ ಸರಿಯಿಲ್ಲ, ಬಿಟ್ಟಿ ಕೊಟ್ಟರೂ ಹೊಡೆದುಕೊಂಡು ಹೋಗಲ್ಲ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಾರೆ. ಹೊಗಳಿದರೆ ಬೆಲೆ ಏರುತ್ತದಲ್ಲ, ಅದಕ್ಕೆ. ಬೇಡದ ಮಾಲಾದರೆ "ಒಳ್ಳೆ ಎತ್ತು ಬುಡಪ್ಪ" ಎಂದು ಮುಂದಕ್ಕೆ ಹೋಗುತ್ತಾರೆ. ನನ್ನನ್ನು ನೋಡಲು ಮೋಹನ್ ಮನೆಯವರು ಬಂದ ದಿನ, ಉಪ್ಪಿಟ್ಟಿನ ತಟ್ಟೆ ಇನ್ನೂ ಕೈಯಲ್ಲಿರುವಾಗಲೇ, "ಹುಡುಗನ ನಡಿಗೆ ಸೊಟ್ಟ ಐತೆ, ಮೈಯಲ್ಲಿ ಕಸುವಿಲ್ಲ" ಎಂದುಬಿಟ್ಟರು. ಹುಡುಗನ ತಾಯಿ ಎದ್ದು ಹೊರಟೇಹೋದರು. ನಮ್ಮಮ್ಮ ರಸ್ತೆಯವರೆಗೆ ಓಡಿ, "ಭಾವನೋರಿಗೆ ಹುಡುಗ ಹಿಡಿಸವ್ನೆ ಕಣ್ರೀ, ಅದಕ್ಕೇ ಬೈತಾವ್ರೆ" ಎಂದು ಕೈಕಾಲು ಹಿಡಿದು ವಾಪಸ್ ಕರೆತಂದರು. ಮದುವೆಯಾಗಿ ಹದಿನೆಂಟು ವರ್ಷವಾಯಿತು, ಮೋಹನ್ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಇಂಥವರನ್ನು ನಾನು ಕುದುರೆ ಹರಾಜಿಗೆ ಕರೆದುಕೊಂಡು ಹೋದೆ. ನನಗೆ ಬುದ್ಧಿ ಎಲ್ಲಿ ಹೋಗಿತ್ತೋ.

ಆದರೆ ಬೇರೆ ದಾರಿಯೂ ಇರಲಿಲ್ಲ. ಕಿಬ್ಬನಹಳ್ಳಿ ಕೈಮರದ ಹತ್ತಿರ ನಮ್ಮದು ಮದುವೆ ಸಾಮಾನಿನ ಅಂಗಡಿ. ಶಾಮಿಯಾನ, ಪಾತ್ರೆ, ಕುರ್ಚಿ, ಲೈಟು ಎಲ್ಲ ಬಾಡಿಗೆಗೆ ಕೊಡುತ್ತೇವೆ. ಈಗ ನಾಲ್ಕು ವರ್ಷದಿಂದ ಮದುವೆಗಂಡು ಕುದುರೆ ಮೇಲೆ ಬರದಿದ್ದರೆ ಅದು ಮದುವೆಯೇ ಅಲ್ಲ ಎಂಬಂತಾಗಿದೆ. ನಾವು ಕುದುರೆ ತರಿಸುತ್ತಿದ್ದ ಅರಸೀಕೆರೆಯವನು ಕೆಲಸ ಬಿಟ್ಟ. ಶೆಟ್ಟಿಕೆರೆಯ ಸದಾಶಿವಯ್ಯನವರ ಮಗ ಸಿದ್ದಾರ್ಥನ ಮದುವೆಯ ಪೂರ್ತಿ ಕೆಲಸ ನಮಗೆ ಬಂದಿತ್ತು, ಚಪ್ಪರದಿಂದ ಹಿಡಿದು ಲೋಟದವರೆಗೆ. ಅವರು ಒಂದೇ ಮಾತು ಹೇಳಿದ್ದರು: "ಕುದುರೆ ಇದ್ರೆ ಎಲ್ಲಾ ನಿಮ್ಗೇ. ಇಲ್ದಿದ್ರೆ ತಿಪಟೂರಿನೋರಿಗೆ ಹೇಳ್ತೀನಮ್ಮ, ಬೇಜಾರು ಮಾಡ್ಕೋಬೇಡಿ." ಆ ಮದುವೆ ಕೈತಪ್ಪಿದರೆ ಅದನ್ನು ನೋಡಿ ಬರಬೇಕಾದ ಮದುವೆಗಳೂ ಹೋಗುತ್ತವೆ. ನಮ್ಮದೇ ಒಂದು ಕುದುರೆ ಬೇಕು, ಅದೂ ಬಿಳಿಯದು, ಅದೂ ಈ ತಿಂಗಳೇ.

ನೆಲಮಂಗಲದಾಚೆ ಒಂದು ಖಾಸಗಿ ಫಾರಮ್ಮಿನಲ್ಲಿ ಹರಾಜಿದೆ ಎಂದು ಗೊತ್ತಾಯಿತು. ನಮ್ಮ ಮನೆತನದಲ್ಲಿ ಯಾರೂ ಕುದುರೆಯ ಬಾಲ ಮುಟ್ಟಿದವರಲ್ಲ. ಪ್ರಾಣಿ ನೋಡಿ ಗುಣ ಹೇಳುವವರೆಂದರೆ ದೊಡ್ಡಪ್ಪ ಒಬ್ಬರೇ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕೊಳ್ಳುವವರಿಲ್ಲ. ಮೂರು ವರ್ಷದಿಂದ ಒಂದು ಕರು ನೋಡಿ ಹೇಳಿ ಎಂದೂ ಯಾರೂ ಅವರನ್ನು ಕರೆದಿರಲಿಲ್ಲ. ನಾನು ಫೋನ್ ಮಾಡಿದಾಗ, "ಕುದ್ರೆನಾ? ಬತ್ತೀನಿ ಬುಡು" ಎಂದು ಸುಮ್ಮನೆ ಹೇಳಿದರು. ಆಮೇಲೆ ತಿಳಿಯಿತು, ಊರಿನ ಕಾಫಿ ಹೋಟೆಲಿನಲ್ಲಿ ಕೂತವರಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ.

ಮೋಹನ್ ಕ್ಯಾಂಟರ್ ಓಡಿಸಿದರು. ಬೆಳಿಗ್ಗೆ ಹತ್ತಕ್ಕೆ ಫಾರಂ ತಲುಪಿದೆವು. ಬಾಗಿಲಲ್ಲಿ ಒಬ್ಬ ಹುಡುಗಿ ಇಂಗ್ಲಿಷಿನ ಎರಡು ಹಾಳೆ ಕೊಟ್ಟಳು, ಯಾವ ನಂಬರಿನ ಕುದುರೆ ಯಾವುದು ಎಂದು. ನಾನು ಅದನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡೆ. ಕುದುರೆ ನೋಡಲು ಮನುಷ್ಯ ಬಂದಿರುವಾಗ ಹಾಳೆ ಯಾಕೆ? ಮೋಹನ್ ಗಾಡಿಯ ಹತ್ತಿರವೇ ಉಳಿದರು.

ಒಳಗೆ ಕಾಲಿಟ್ಟು ಐದು ನಿಮಿಷವಾಗಿಲ್ಲ, ಶುರುವಾಯಿತು. ಒಂದು ಕಂದು ಕುದುರೆಯ ಬಾಯಿಗೆ ಕೈ ಹಾಕಿ ತುಟಿ ಎತ್ತಿ ದೊಡ್ಡಪ್ಪ ಹಲ್ಲು ಎಣಿಸತೊಡಗಿದರು. ಅದನ್ನು ಹಿಡಿದಿದ್ದವನು ಹಿಂದಿಯಲ್ಲಿ ಬೊಬ್ಬೆ ಹೊಡೆದ. ನಾನು ಕೈ ಮುಗಿದು ದೊಡ್ಡಪ್ಪನನ್ನು ಈಚೆಗೆ ಎಳೆದುಕೊಂಡು ಬಂದೆ. ಎಳೆದುಕೊಂಡು ಬರುವಾಗಲೂ, "ಇದೇನ್ ಕುದ್ರೆನೋ ಕತ್ತೆನೋ, ಮಂಡಿ ನೋಡು ಹೆಂಗೈತೆ" ಎಂದು ಆ ಕುದುರೆಯ ಓನರ್ ಇರಬಹುದಾದ ಒಬ್ಬ ಕೋಟಿನವರ ಕಿವಿಯ ಹತ್ತಿರವೇ ಹೇಳಿದರು. ಅವರು ನಮ್ಮಿಬ್ಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಮದುವೆ ಸೀರೆ ಉಟ್ಟುಕೊಂಡು ಬಂದಿದ್ದೆ, ಅದೊಂದು ಬೇರೆ.

ಮೈಕು ಹಿಡಿದು ಹರಾಜು ಕೂಗುವವನು ಮರದ ಕಟ್ಟೆಯ ಮೇಲೆ ನಿಂತಿದ್ದ. ನಾನು ಬೆಲೆ ಏರಿಸಲು ಎತ್ತಿ ತೋರಿಸುವ ನಂಬರಿನ ಹಲಗೆ ತೆಗೆದುಕೊಂಡು ತಿರುಗುವಷ್ಟರಲ್ಲಿ ದೊಡ್ಡಪ್ಪ ಕಟ್ಟೆ ಹತ್ತಿ ಅವನ ಕೈ ಹಿಡಿದು ಅದರ ಮೇಲೆ ಟವಲ್ ಹೊದಿಸಿದ್ದರು. ಅವನು ಕೈ ಕೊಡವಿಕೊಂಡ. ಇವರು ಬಿಡಲಿಲ್ಲ. ಅವನ ಕೈಯಲ್ಲಿದ್ದ ಮೈಕು ಕಿರ್ ಎಂದು ಇಡೀ ಫಾರಮ್ಮಿಗೆ ಕೇಳುವಂತೆ ಕೂಗಿತು. ನೂರು ಜನ ತಿರುಗಿ ನೋಡಿದರು. ಸೆಕ್ಯುರಿಟಿಯವನು ಬಂದು ದೊಡ್ಡಪ್ಪನ ರಟ್ಟೆ ಹಿಡಿದು ಕೆಳಗಿಳಿಸಿದ.

ನನಗೆ ಪಿತ್ತ ನೆತ್ತಿಗೇರಿತು. ಅವರನ್ನು ಬೇವಿನ ಮರದ ಹಿಂದಕ್ಕೆ ಕರೆದುಕೊಂಡು ಹೋಗಿ, ಹಿರಿಯರೆಂದೂ ನೋಡದೆ ಬಾಯಿಗೆ ಬಂದಂತೆ ಅಂದೆ.

"ದೊಡ್ಡಪ್ಪ, ಇದು ದನದ ಸಂತೆ ಅಲ್ಲ. ಇಲ್ಲಿ ಟವಲ್ ನಾಟ್ಕ ಬೇಡ, ಕೈ ಹಿಡಿಯೋದು ಬೇಡ. ಏನಿದ್ರೂ ನಂಗೆ ಬಾಯಿಬಿಟ್ಟು ನೇರವಾಗಿ ಹೇಳಿ. ಆಗಲ್ಲ ಅಂದ್ರೆ ಹೋಗಿ ಗಾಡಿಯಲ್ಲಿ ಕೂತ್ಕೊಳ್ಳಿ."

"ಬಾಯ್ಬುಟ್ಟು ಹೇಳ್ಬೇಕಾ?" ಎಂದರು.

"ಹೂಂ."

"ಆಗ್ಲಿ ಬುಡವ್ವ."

ಟವಲ್ಲನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದೊಳಗೆ ಇಟ್ಟುಕೊಂಡರು. ಟವಲ್ಲಿಲ್ಲದ ಅವರ ಹೆಗಲನ್ನು ನಾನು ಅವತ್ತೇ ನೋಡಿದ್ದು. ಸಿಟ್ಟಿನಲ್ಲಿದ್ದೆ, ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಹದಿಮೂರು ಕುದುರೆ ಹೋದವು. ಹದಿನಾಲ್ಕನೆಯದು ಬಂತು ನೋಡಿ, ಆಗ ತಾನೇ ಒಡೆದ ಕಾಯಿಯ ಒಳಗಿನಷ್ಟು ಬಿಳುಪು. ಕತ್ತು ಎತ್ತಿಕೊಂಡು ಸಾವಧಾನವಾಗಿ ನಡೆಯುತ್ತಿತ್ತು. ಅದರ ಮೇಲೆ ಪೇಟ ಕಟ್ಟಿದ ಸಿದ್ದಾರ್ಥ ಕೂತದ್ದು ನನ್ನ ಕಣ್ಣಿಗೆ ಕಂಡೇಬಿಟ್ಟಿತು. ದೊಡ್ಡಪ್ಪ ಕಟಕಟೆಯ ಹತ್ತಿರ ಹೋಗಿ ಅದು ಎರಡು ಸುತ್ತು ಬರುವುದನ್ನು ನೋಡಿದರು. ವಾಪಸ್ ಬಂದು ನನ್ನ ಪಕ್ಕ ನಿಂತು ಹೇಳಿದರು: "ಬೇಡ ಕಣೇ ವನಜಾ. ಎಡಗಣ್ಣು ಕಾಣಲ್ಲ ಇದಕ್ಕೆ."

ನನಗೆ ಒಳಗೊಳಗೇ ಖುಷಿಯಾಯಿತು. ಬೈದರು ಎಂದರೆ ಹಿಡಿಸಿದೆ ಎಂದೇ ಲೆಕ್ಕ. ನಾನೇನು ನಿನ್ನೆ ಹುಟ್ಟಿದವಳೇ? ಹಲಗೆ ಎತ್ತಿದೆ.

ನನ್ನೆದುರು ಬೆಲೆ ಏರಿಸುತ್ತಿದ್ದವನು ಒಬ್ಬನೇ. ಉಳಿದವರೆಲ್ಲ ಸುಮ್ಮನೆ ಕೂತಿದ್ದರು. ದೊಡ್ಡಪ್ಪನ ಮಾತು ಕೇಳಿಯೇ ಹೆದರಿ ಕೂತಿದ್ದಾರೆ, ನಲವತ್ತು ವರ್ಷದ ವಿದ್ಯೆ ಕೆಲಸ ಮಾಡುತ್ತಿದೆ ಎಂದುಕೊಂಡೆ.

"ಕಾಣಲ್ಲ ಅಂದ್ನಲ್ಲ, ಬುಡು," ಎಂದು ಅವರು ಮತ್ತೆ ಹೇಳಿದರು. ನಾನು ಮತ್ತೆ ಹಲಗೆ ಎತ್ತಿದೆ. ಅವರು ನನ್ನ ಮೊಣಕೈ ಹಿಡಿದು ಎಳೆದರು. ಎಂಥ ನಟನೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು ಕೈ ಬಿಡಿಸಿಕೊಂಡೆ. "ಕುಲ್ಡು ಕಣೇ ಅದು," ಎಂದು ಮೂರನೇ ಸಲವೂ ಹೇಳಿದರು. ಅಷ್ಟರಲ್ಲಿ ಎದುರಿನವನು ಕೈಬಿಟ್ಟ. ಮೈಕಿನವನು ಒಂದು ಸಲ, ಎರಡು ಸಲ, ಮೂರು ಸಲ ಎಂದು ಕೂಗಿ ಸುತ್ತಿಗೆ ಬಡಿದ. ಕುದುರೆ ನನ್ನದಾಯಿತು.

ದುಡ್ಡು ಕಟ್ಟಿ ಚೀಟಿ ತೆಗೆದುಕೊಂಡು ಬಂದಾಗ ದೊಡ್ಡಪ್ಪ ಕುದುರೆಯ ಬಲಕ್ಕೆ ನಿಂತಿದ್ದರು. ಅದರ ಬಲಗಣ್ಣಿನ ಮುಂದೆ ಕೈ ಆಡಿಸಿದರು. ಕುದುರೆ ಕಣ್ಣು ಮಿಟುಕಿಸಿ ಹಿಂದೆ ಸರಿಯಿತು. ಎಡಕ್ಕೆ ಬಂದು ಹಾಗೇ ಆಡಿಸಿದರು. ಕಿವಿ ಅಲ್ಲಾಡಿತು. ಕಣ್ಣು ಹಾಗೇ ಇತ್ತು.

"ನೀವು ಹಿಡಿಸಿದ್ದನ್ನೇ ಅಲ್ವಾ ಬೈಯೋದು," ಎಂದೆ.

"ನೀನೇ ತಾನೆ ಬಾಯ್ಬುಟ್ಟು ಹೇಳು ಅಂದಿದ್ದು. ಹೇಳ್ದೆ."

"ಇಷ್ಟು ವರ್ಷ ಹೇಳದವರು ಇವತ್ತು ಹೇಳ್ತೀರ ಅಂತ ನಂಗೇನು ಗೊತ್ತು?"

"ಬೇರೆಯವ್ರು ಕೇಳಿದ್ರೆ ಹೇಳ್ತಿರ್ಲಿಲ್ಲ ಕಣವ್ವ," ಎಂದರು.

ಗಾಡಿಯ ಹತ್ತಿರ ಬಂದಾಗ ಮೋಹನ್ ನನ್ನ ಬ್ಯಾಗಿನಿಂದ ಆ ಹಾಳೆ ತೆಗೆದು ಓದಿದರು. ಹದಿನಾಲ್ಕನೇ ನಂಬರಿನ ಮುಂದೆ ಎಡಗಣ್ಣಿಗೆ ದೃಷ್ಟಿಯಿಲ್ಲ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅದಕ್ಕೇ ಉಳಿದವರು ಹಲಗೆ ಎತ್ತಿರಲಿಲ್ಲ. ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬುದೂ ಕೆಳಗೆ ಅಚ್ಚಾಗಿತ್ತು. ಮೋಹನ್ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು, ಆ ಸುಖವನ್ನೂ ಅವರು ಕೊಡಲಿಲ್ಲ. ವಾಪಸ್ ದಾರಿಯಲ್ಲಿ ಗುಬ್ಬಿ ದಾಟುವವರೆಗೂ ನಾನು ಎಲ್ಲರನ್ನೂ ಮನಸ್ಸಿನಲ್ಲಿ ಬೈದೆ. ಹರಾಜಿನವನನ್ನು, ಕುದುರೆ ಮೇಲೇ ಬರಬೇಕೆನ್ನುವ ಗಂಡುಗಳನ್ನು, ದೊಡ್ಡಪ್ಪನನ್ನು. ಅವರು ಕ್ಯಾಂಟರಿನ ಹಿಂದೆ ಕುದುರೆಯ ಜೊತೆಯಲ್ಲೇ ನಿಂತು ಬಂದರು.

ಊರಿಗೆ ಹೋಗಿ ಎಂದರೆ ಹೋಗಲಿಲ್ಲ. ನಮ್ಮ ಗೋಡೌನಿನ ಪಕ್ಕ, ಪಾತ್ರೆ ತೊಳೆಯುವ ಜಾಗದಲ್ಲಿ ಕುದುರೆ ಕಟ್ಟಿಸಿ ಅಲ್ಲೇ ಮಂಚ ಹಾಕಿಕೊಂಡರು. ಹಗಲೆಲ್ಲ ಅದರ ಎಡಕ್ಕೆ ನಿಂತು ಏನಾದರೂ ಮಾತಾಡುತ್ತಿದ್ದರು. ದನಿ ಕೇಳಿದರೆ ಬೆಚ್ಚುವುದಿಲ್ಲ ಎಂದು. ನಾಲ್ಕನೇ ದಿನಕ್ಕೆ ನನಗೆ ತಲೆ ಚಿಟ್ಟುಹಿಡಿದಿತ್ತು. ಅತ್ತ ಫೋನಿನಲ್ಲಿ ಗಿರಾಕಿ, ಇತ್ತ ಇವರ ಕುದುರೆ ಪುರಾಣ.

ಐದನೇ ದಿನ ಸದಾಶಿವಯ್ಯನವರು ಕುದುರೆ ನೋಡಲು ಬಂದರು. ಕಣ್ಣಿನ ವಿಷಯ ಅವರಿಗೆ ಹೇಳಬಾರದೆಂದು ನಾನು ನಿಶ್ಚಯ ಮಾಡಿದ್ದೆ. ಬೆನ್ನಿಗೆ ಬಣ್ಣದ ಜೂಲು ಹಾಕಿ, ಹಣೆಗೆ ಕುಚ್ಚು ಕಟ್ಟಿ, ಬಲಗಡೆ ಮಾತ್ರ ಕಾಣುವಂತೆ ನಿಲ್ಲಿಸಿದ್ದೆ. ಅವರು ನೋಡಿ ಖುಷಿಪಟ್ಟರು. ಕಾಫಿ ಕುಡಿಯುತ್ತ ದೊಡ್ಡಪ್ಪನ ಕಡೆ ತಿರುಗಿ, "ಯಜಮಾನ್ರೆ, ನೀವು ದನ ಕರು ಬಲ್ಲೋರಂತೆ. ಹೆಂಗೈತೆ ಕುದ್ರೆ?" ಎಂದು ಕೇಳಿದರು.

ಅವರ ಬೆನ್ನ ಹಿಂದೆ ನಿಂತು ನಾನು ದೊಡ್ಡಪ್ಪನಿಗೆ ಕಣ್ಣಲ್ಲೇ ಬೇಡಿಕೊಂಡೆ. ಹೊಗಳಿಬಿಡಿ, ಇಲ್ಲವೇ ಟವಲ್ ಹಾಕಿ ಏನಾದರೂ ಮಾಡಿ, ಒಂದು ಸಲ ನನ್ನ ಮರ್ಯಾದೆ ಉಳಿಸಿ ಎಂದು. ಅವರು ನನ್ನನ್ನು ನೋಡಿದರು.

"ಗುಣ ಒಳ್ಳೇದು, ಕಾಲು ಗಟ್ಟಿ. ಎಡಗಣ್ಣು ಕಾಣಲ್ಲ."

ನಾನು ಪಾತ್ರೆಗಳ ಮೇಲೆ ಕೂತುಬಿಟ್ಟೆ. ಮುಗಿಯಿತು, ಚಪ್ಪರ ಹೋಯಿತು, ಲೋಟ ಹೋಯಿತು, ಈ ವರ್ಷ ಹೋಯಿತು. ಈ ಮನುಷ್ಯನಿಗೆ ಬಾಯಿಬಿಡಲು ಹೇಳಿದ ನನ್ನ ನಾಲಿಗೆಗೆ ಬೆಂಕಿ ಬೀಳ.

ಸದಾಶಿವಯ್ಯನವರು ಲೋಟ ಕೆಳಗಿಟ್ಟರು. "ಮತ್ತೆ ನನ್ನ ಮಗನ್ನ ಕೂರಿಸ್ಬೋದಾ?"

"ಎಡಗಡೆ ನಾನು ನಡೀತೀನಿ, ಕತ್ತಿನ ಮೇಲೆ ಕೈ ಇಟ್ಕಂಡು. ವಾಲಗದೋರು ಬಲಕ್ಕಿರ್ಲಿ. ಪಟಾಕಿ ಬೇಡ. ಹಂಗಾದ್ರೆ ಕೂರಿಸ್ಬೋದು."

ಅವರು ದೊಡ್ಡಪ್ಪನನ್ನು ಒಂದು ಗಳಿಗೆ ನೋಡಿದರು. "ಆಯ್ತು ಬುಡಿ. ನೀವು ಹೇಳಿದ ಮೇಲೆ ಇನ್ನೇನು," ಎಂದು ಎದ್ದು ನಿಂತರು. ನನ್ನ ಕಡೆ ತಿರುಗಿ, "ಕುದ್ರೆ ಜೊತೆ ಇವ್ರನ್ನೂ ಬರ್ಕೊಳ್ಳಮ್ಮ," ಎಂದರು.

ಅವರು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ದೊಡ್ಡಪ್ಪ ಕುದುರೆಗೆ ಹುಲ್ಲು ಹಾಕಿ, ಎಡಕ್ಕೆ ಹೋಗಿ ಮತ್ತೆ ಅದರ ಜೊತೆ ಮಾತು ಶುರುಮಾಡಿದರು. ಸದಾಶಿವಯ್ಯನವರು ಅವರನ್ನು ಕಂಡು ಅರ್ಧ ಗಂಟೆ ಆಗಿರಲಿಲ್ಲ, ಒಂದೇ ಮಾತಿಗೆ ನಂಬಿದರು. ನಾನು ಅವರ ಹೆಗಲ ಮೇಲೆ ಕೂತು ಬೆಳೆದವಳು. ಮೂರು ಸಲ ಹೇಳಿದರೂ ನಂಬಲಿಲ್ಲ.